‘ಸೇವೆ’ ಅನ್ನಬೇಡಿ, ಗಂಟೆ ಲೆಕ್ಕ ಕೊಡಿ

1/7
ಮೇ 12 ಬಂತು ಅಂದ್ರೆ ನಮ್ಮ ಫೀಡ್ ತುಂಬಾ ದೀಪ. ಬಿಳಿ ಯೂನಿಫಾರ್ಮ್, ಕೈಯಲ್ಲಿ ಮೇಣದ ಬತ್ತಿ, ಕೆಳಗೆ ಸೇವೆ, ತ್ಯಾಗ, ಮಮತೆ ಅಂತ ಮೂರು ಪದ. ಆಡಿಟೋರಿಯಂನಲ್ಲಿ ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ನಮ್ಮನ್ನ ತಾಯಿ ಅಂತಾರೆ, ದೇವತೆ ಅಂತಾರೆ. ಹಿಂದಿನ ಸಾಲಲ್ಲಿ ಕೂತಿರೋ ಹುಡುಗರು ‘ಹಾಗಾದ್ರೆ ನಾವ್ಯಾರಪ್ಪಾ’ ಅಂತ ಮುಖ ಮುಖ ನೋಡ್ಕೋತಾರೆ. ಮಾರನೇ ದಿನ ಬೆಳಗ್ಗೆ ಏಳಕ್ಕೆ ಅದೇ ದೇವತೆಗಳು ರಕ್ತದ ಸ್ಯಾಂಪಲ್ ಹಿಡ್ಕೊಂಡು ಲ್ಯಾಬಿಗೆ, ಇಂಡೆಂಟ್ ಹಿಡ್ಕೊಂಡು ಫಾರ್ಮಸಿಗೆ, ಟ್ರಾಲಿ ತಳ್ಕೊಂಡು ಎಕ್ಸ್‌ರೇಗೆ.

ಈ ಏಳು ಪೋಸ್ಟಲ್ಲಿ ನಾನು ಹೇಳೋದು ಒಂದೇ ಮಾತು. ನಾವು ವಿದ್ಯಾರ್ಥಿಗಳಾದ್ರೆ ಕಲಿಸಿ. ಕೆಲಸಗಾರರಾದ್ರೆ ಕಾಸು ಕೊಡಿ. ಎರಡೂ ಮಾಡದೆ ಮಧ್ಯದಲ್ಲಿ ‘ಸೇವೆ’ ಅಂತ ಪರದೆ ಕಟ್ಟಬೇಡಿ.

ನಮ್ಮ ಕಾಲೇಜಿನ ಹೆಸರು ಇಲ್ಲಿ ಬರಲ್ಲ. ಬರೋ ಅವಶ್ಯಕತೆನೂ ಇಲ್ಲ, ಬೇರೆ ಕಾಲೇಜಿನವರು ಓದಿ ‘ಇದು ನಮ್ಮದೇ’ ಅಂತೀರಾ, ನೋಡ್ತಿರಿ.

2/7
ಮೊದಲು ಆ ದೀಪದ ಮೇಡಂ ವಿಚಾರ ಮುಗಿಸೋಣ, ಯಾಕಂದ್ರೆ ಎಲ್ಲದಕ್ಕೂ ಅವರ ಹೆಸರೇ ಹೇಳ್ತಾರೆ.

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರು ಮಾಡಿದ್ರು. ಅಲ್ಲಿ ಕಲಿಯೋಕೆ ಬಂದ ಹೆಣ್ಣುಮಕ್ಕಳಿಗೆ ಊಟ, ವಸತಿ, ಯೂನಿಫಾರ್ಮ್ ಜೊತೆಗೆ ವರ್ಷಕ್ಕೆ ಹತ್ತು ಪೌಂಡ್ ಕೈಖರ್ಚು ಕೊಡ್ತಿದ್ರು. ಸರಿಯಾಗಿ ಓದಿದ್ರಾ? ಕೊಡ್ತಿದ್ರು. ಇಸ್ಕೋತಿರಲಿಲ್ಲ. ನಮಗೆ ಯೂನಿಫಾರ್ಮಿಗೆ ಬೇರೆ ಬಿಲ್ಲು, ಶೂಗೆ ಬೇರೆ, ಹೇರ್ ನೆಟ್ಟಿಗೂ ಬೇರೆ. ಅವರ ಹೆಸರಲ್ಲಿ ಪ್ರಮಾಣವಚನ ತಗೊಳ್ಳೋ ಕಾರ್ಯಕ್ರಮಕ್ಕೂ ನಮ್ಮ ಹತ್ರಾನೇ ದುಡ್ಡು ಎತ್ತುತ್ತಾರೆ.

ಇನ್ನೊಂದು ವಿಷಯ ಆ ಮುಖ್ಯ ಅತಿಥಿಗಳು ಯಾವತ್ತೂ ಹೇಳಲ್ಲ. ಆ ಹೆಂಗಸು ಬರೀ ದೀಪ ಹಿಡಿದು ಓಡಾಡಿದವರಲ್ಲ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ಗಲೀಜಿನಿಂದ ಬರೋ ಕಾಯಿಲೆಗೆ ಸಾಯ್ತಿದ್ದಾರೆ ಅನ್ನೋದನ್ನ ಅಂಕಿ ಹಾಕಿ, ಬಣ್ಣದ ಚಿತ್ರ ಬರೆದು ಸರ್ಕಾರದ ಮುಂದೆ ಇಟ್ಟವರು. ಅಳಲಿಲ್ಲ, ಲೆಕ್ಕ ಕೊಟ್ಟರು. ನಮ್ಮ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲಿ ಹೇಳಬೇಕಾದ ಪಾಠ ಇದು. ಅಲ್ಲಿ ಹೇಳಲ್ಲ, ಆಡಿಟೋರಿಯಂನಲ್ಲಿ ದೀಪ ಮಾತ್ರ ತೋರಿಸ್ತಾರೆ.

3/7
ಈಗ ನಮ್ಮ ಲೆಕ್ಕ.

ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಹೊಸ ಪಠ್ಯಕ್ರಮ 2021ರಿಂದ ಬಂತು. ನಾಲ್ಕು ವರ್ಷ, ಎಂಟು ಸೆಮಿಸ್ಟರ್, ಕ್ರೆಡಿಟ್ ಪದ್ಧತಿ. ಥಿಯರಿಗೆ 80% ಹಾಜರಾತಿ ಸಾಕು, ಕ್ಲಿನಿಕಲ್ ಮಾತ್ರ ಡಿಗ್ರಿ ಕೈಗೆ ಬರೋದ್ರೊಳಗೆ 100% ಆಗಲೇಬೇಕು. ಕೊನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. 22 ವಾರ, ವಾರಕ್ಕೆ 48 ಗಂಟೆ. ಗುಣಿಸಿ ನೋಡಿ, 1056 ಗಂಟೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಕಾರ್ಮಿಕರಿಗೆ ಇಟ್ಟಿದ್ದ ವಾರದ ಗರಿಷ್ಠ ಮಿತಿ ಎಷ್ಟು ಗೊತ್ತಾ? 48 ಗಂಟೆ. ಕಾರ್ಮಿಕರ ಗಂಟೆ ನಮಗೂ ಇದೆ. ಪಗಾರ ಎಲ್ಲಿ?

ಅಷ್ಟೂ ಗಂಟೆ ಕಲಿಕೆಗೆ ಹೋದ್ರೆ ನನ್ನ ತಕರಾರಿಲ್ಲ, ನಿಜವಾಗ್ಲೂ ಇಲ್ಲ. ಹತ್ತು ವಿದ್ಯಾರ್ಥಿಗೆ ಒಬ್ಬ ಟೀಚರ್ ಅನ್ನೋದು ಕಾಗದದ ಮೇಲಿನ ನಿಯಮ. ನಮ್ಮ ವಾರ್ಡಲ್ಲಿ ಮೇಡಂ ಬೆಳಗ್ಗೆ ಬಂದು ಹಾಜರಾತಿ ತಗೊಂಡು, ಉಗುರು ನೋಡಿ, ಬನ್ ಸರಿ ಇಲ್ಲ ಅಂತ ಬೈದು, ಇನ್ನೂ ಎರಡು ವಾರ್ಡ್ ನೋಡೋಕೆ ಹೋಗ್ತಾರೆ. ಅವರದ್ದೂ ತಪ್ಪಲ್ಲ ಬಿಡಿ, ಮೂರು ವಾರ್ಡು ಒಬ್ಬರ ತಲೆ ಮೇಲಿದೆ. ಆಮೇಲೆ ನಾವು ವಾರ್ಡ್ ಸಿಸ್ಟರ್ ಕೈಗೆ. ಅವರಿಗೆ ಮೂವತ್ತು ಪೇಷೆಂಟ್, ಮೂರು ಡಿಸ್ಚಾರ್ಜ್, ಎರಡು ಅಡ್ಮಿಷನ್. ಅವರು ನಮ್ಮನ್ನ ನೋಡಿದ ಕೂಡ್ಲೇ ಪಾಠ ನೆನಪಾಗಲ್ಲ, ಎಂಟು ಜೊತೆ ಕೈ ನೆನಪಾಗುತ್ತೆ.

ಹಾಗಾಗಿ ಬಿಪಿ ನೋಡು. ನೋಡಿದ್ವಿ. ಬೆಡ್ ಹಾಕು. ಹಾಕಿದ್ವಿ. ಒಂಬತ್ತಕ್ಕೆ ಲ್ಯಾಬ್, ಒಂಬತ್ತೂವರೆಗೆ ಮತ್ತೆ ಲ್ಯಾಬ್, ಯಾಕಂದ್ರೆ ಒಂದು ಟ್ಯೂಬಿಗೆ ಲೇಬಲ್ ಹಾಕಿರಲಿಲ್ಲ. ಹನ್ನೊಂದಕ್ಕೆ ಡಾಕ್ಟರ್ ರೌಂಡ್ಸ್ ಬಂದಾಗ ಮೆಡಿಕಲ್ ಸ್ಟೂಡೆಂಟ್ಸ್ ಬೆಡ್ ಸುತ್ತ ನಿಂತು ಕೇಳಿಸ್ಕೋತಾರೆ, ನಾವು ಫೈಲ್ ಎತ್ತಿ ಕೊಡ್ತೀವಿ. ಆ ಪೇಷೆಂಟಿಗೆ ಯಾಕೆ ಪೊಟ್ಯಾಸಿಯಮ್ ಕಮ್ಮಿ ಆಯ್ತು, ಡ್ರಿಪ್ ಯಾಕೆ ನಿಧಾನವಾಗಿ ಬಿಡ್ಬೇಕು ಅನ್ನೋದು ಅಲ್ಲೇ ಎರಡು ಅಡಿ ದೂರದಲ್ಲಿ ಹೇಳ್ತಿರ್ತಾರೆ. ಡ್ರಿಪ್ ನೋಡ್ಕೋಬೇಕಾಗಿರೋದು ನಾವು. ನಮಗೆ ಕೇಳಿಸಲ್ಲ, ನಾವು ಆಗ ಫಾರ್ಮಸಿ ಕ್ಯೂನಲ್ಲಿರ್ತೀವಿ.

ಸಂಜೆ ಹಾಸ್ಟೆಲಲ್ಲಿ ಕೂತು ಕೇರ್ ಪ್ಲಾನ್ ಬರೀತೀವಿ. ಸೀನಿಯರ್ ಕೇಸ್ ಬುಕ್ ನೋಡ್ಕೊಂಡು. ಬಾರ್ಡರ್ ಕೆಂಪು ಪೆನ್ನಲ್ಲಿ, ಚಿತ್ರ ಪೆನ್ಸಿಲಲ್ಲಿ. ಚೆನ್ನಾಗಿದ್ರೆ ‘ಗುಡ್’ ಅಂತ ಸೈನು.

ಅದೇ ಕ್ಯಾಂಪಸ್ಸಲ್ಲಿ, ಅದೇ ಆಸ್ಪತ್ರೇಲಿ ಎಂಬಿಬಿಎಸ್ ಇಂಟರ್ನ್‌ಗೆ ಸ್ಟೈಪೆಂಡ್ ಕೊಡಬೇಕು ಅಂತ ನಿಯಮವೇ ಇದೆ. ಅದನ್ನೂ ಸರಿಯಾಗಿ ಕೊಡದ ಕಾಲೇಜುಗಳಿವೆ, ಅವರೂ ಜಗಳ ಆಡ್ತಿದ್ದಾರೆ, ಆಡ್ಲಿ, ನಾನು ಅವರ ಪರ. ಆದ್ರೆ ನಮಗೆ ಆಡೋಕೆ ಜಗಳವೇ ಇಲ್ಲ. ನಾವು ಆ 1056 ಗಂಟೆಗೆ ಫೀಸ್ ಕಟ್ಟಿರ್ತೀವಿ. ದುಡಿಯೋದೂ ನಾವೇ, ದುಡ್ಡು ಕೊಡೋದೂ ನಾವೇ!

4/7
ಚಿಕ್ಕ ಪೋಸ್ಟ್ ಇದು.

ಲೇಟಾಗಿ ಬಂದ್ರೆ ಎಕ್ಸ್‌ಟ್ರಾ ಡ್ಯೂಟಿ. ಫೋನ್ ಸಿಕ್ಕಿಬಿದ್ರೆ ಎಕ್ಸ್‌ಟ್ರಾ ಡ್ಯೂಟಿ. ಪಿರಿಯಡ್ಸ್ ನೋವಿಗೆ ಒಂದು ದಿನ ಮಲಗಿದ್ರೆ ರಜೆಯಲ್ಲಿ ಎರಡು ದಿನ ಡ್ಯೂಟಿ. ಎದುರು ಮಾತಾಡಿದ್ರೆ ನೈಟು.

ಒಂದು ದಿನಕ್ಕೆ ಒಂದು ದಿನ ತುಂಬಿಸೋದು ನಿಯಮ, ಒಪ್ಪೋಣ. ಉಳಿದದ್ದು? ಡ್ಯೂಟಿ ಅಂದ್ರೆ ಕಲಿಕೆ ಅಂತೀರಲ್ಲ, ಶಿಕ್ಷೆಯಾಗಿ ಕಲಿಕೆ ಕೊಡ್ತಾರಾ ಯಾರಾದ್ರೂ? ಲೇಟಾದೋರಿಗೆ ಎರಡು ಎಕ್ಸ್‌ಟ್ರಾ ಅನಾಟಮಿ ಕ್ಲಾಸ್ ಅಂತ ಯಾವತ್ತಾದ್ರೂ ಕೇಳಿದೀರಾ? ಡ್ಯೂಟಿ ಅನ್ನೋದು ಹೊರೆ, ಅದನ್ನ ಹೊರಿಸಬಹುದು ಅಂತ ಆಡಳಿತದವರಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ. ಗೊತ್ತಿದ್ದೇ ‘ಸೇವೆ’ ಅನ್ನೋದು.

5/7
ಹಾಸ್ಟೆಲ್ ಗೇಟ್ ವಿಷಯಕ್ಕೆ ಬರ್ತೀನಿ. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತೀರಾ? ಇದೆ.

ನಮ್ಮ ಗೇಟು ಸಂಜೆ ಆರೂವರೆಗೆ ಬಂದ್. ಮೆಡಿಕಲ್ ಹಾಸ್ಟೆಲ್ ಹುಡುಗೀರಿಗೆ ಹತ್ತರವರೆಗೂ ಟೈಮಿದೆ, ಲೈಬ್ರರಿ ಹೆಸರಲ್ಲಿ ಇನ್ನೂ ಜಾಸ್ತಿ. ಅದೇ ವಯಸ್ಸು, ಅದೇ ಕ್ಯಾಂಪಸ್, ಅದೇ ಲೈಬ್ರರಿ. ಕೇಳಿದ್ರೆ ‘ನಿಮ್ಮ ಸೇಫ್ಟಿಗೆ’. ಸರಿ. ನೈಟ್ ಡ್ಯೂಟಿಗೆ ಹಾಕಿದ ದಿನ ಅದೇ ಗೇಟಿಂದ ರಾತ್ರಿ ಎಂಟಕ್ಕೆ ನಾವು ನಡ್ಕೊಂಡು ಆಸ್ಪತ್ರೆಗೆ ಹೋಗ್ತೀವಲ್ಲ, ಅವತ್ತು ಸೇಫ್ಟಿ ಎಲ್ಲಿಗೆ ರಜೆ ಹೋಗಿರುತ್ತೆ? ಓದೋಕೆ ಹೊರಟರೆ ಅಪಾಯ, ಅವರ ಕೆಲಸಕ್ಕೆ ಹೊರಟರೆ ನಿರಪಾಯ!

ಅರುಣಾ ಶಾನಭಾಗ್ ಹೆಸರು ನಮ್ಮ ಬ್ಯಾಚಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ. ಅವರು ನಮ್ಮ ಉತ್ತರ ಕನ್ನಡದ ಹಳದೀಪುರದವರು. ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದ್ರು. 1973ರ ನವೆಂಬರ್ 27ರಂದು, ಶಿಫ್ಟ್ ಮುಗಿಸಿ ಬಟ್ಟೆ ಬದಲಾಯಿಸೋಕೆ ಆಸ್ಪತ್ರೆಯ ನೆಲಮಾಳಿಗೆಗೆ ಹೋದಾಗ ಅಲ್ಲಿ ಕೆಲಸ ಮಾಡ್ತಿದ್ದವನೇ ದಾಳಿ ಮಾಡಿದ. ಆಮೇಲೆ 2015ರ ಮೇ 18ರವರೆಗೆ, ನಲವತ್ತೊಂದು ವರ್ಷ ದಾಟಿ, ಅದೇ ಆಸ್ಪತ್ರೆಯ ಹಾಸಿಗೆ ಮೇಲೆ. ಅಷ್ಟು ವರ್ಷ ಅವರನ್ನ ನೋಡ್ಕೊಂಡಿದ್ದು ಅಲ್ಲಿನ ನರ್ಸ್‌ಗಳು, ಒಂದು ತಲೆಮಾರು ರಿಟೈರ್ ಆಗಿ ಮುಂದಿನ ತಲೆಮಾರು. ದಾಳಿ ಆದಾಗ ಮುಂಬೈ ನರ್ಸ್‌ಗಳು ಮುಷ್ಕರ ಮಾಡಿದ್ರು. ಅವರು ಕೇಳಿದ್ದು ಕೆಲಸದ ಜಾಗದಲ್ಲಿ ರಕ್ಷಣೆ. ಬೀಗ ಅಲ್ಲ.

ಅಪಾಯ ಗೇಟಿನ ಆಚೆ ಇದೆ ಅಂತ ಯಾರು ಹೇಳಿದ್ದು? ಬಟ್ಟೆ ಬದಲಾಯಿಸೋಕೆ ಚಿಲಕ ಇರೋ ಒಂದು ರೂಮು, ಹಾಸ್ಟೆಲ್ಲಿಂದ ಕ್ಯಾಶುವಾಲಿಟಿವರೆಗೆ ಲೈಟು, ನೈಟ್ ಡ್ಯೂಟಿಗೆ ಒಬ್ಬೊಬ್ಬರನ್ನೇ ಹಾಕದಿರೋದು. ಇಷ್ಟು ಮಾಡೋಕೆ ದುಡ್ಡು ಬೇಕು. ಗೇಟ್ ಹಾಕೋಕೆ ಬೀಗ ಸಾಕು.

6/7
ಇನ್‌ಬಾಕ್ಸಿಗೆ ಏನೇನು ಬರುತ್ತೆ ಅಂತ ಗೊತ್ತು, ಇಲ್ಲೇ ಉತ್ತರ ಕೊಡ್ತೀನಿ.

‘ಬೆಡ್ ಹಾಕೋದು ಕೀಳು ಕೆಲಸನಾ?’ ಅಲ್ಲ ಕಣ್ರೀ. ಬೆಡ್ ಹಾಕೋವಾಗ ಪೇಷೆಂಟನ್ನ ಮಗ್ಗುಲಿಗೆ ತಿರುಗಿಸ್ತೀವಿ, ಬೆನ್ನು ನೋಡ್ತೀವಿ, ಟೈಲ್‌ಬೋನ್ ಹತ್ರ ಚರ್ಮ ಕೆಂಪಾಗಿದ್ಯಾ, ಒತ್ತಿದ್ರೆ ಬೆಳ್ಳಗಾಗುತ್ತಾ ಅಂತ ನೋಡ್ತೀವಿ. ಹಾಸಿಗೆ ಹುಣ್ಣು ಹಿಡಿಯೋದು ಅಲ್ಲೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಒಬ್ಬ ಪಾರ್ಶ್ವವಾಯು ಅಜ್ಜನ ಬೆನ್ನು ಉಳಿಸಿದ ಸಿಸ್ಟರ್ ಮುಂದೆ ನಾನು ಕೈಮುಗಿದು ನಿಲ್ತೀನಿ. ಹಾಗೆ ನೋಡೋದನ್ನ ಯಾರಾದ್ರೂ ಪಕ್ಕ ನಿಂತು ತೋರಿಸಿದ್ರೆ ಅದು ಪಾಠ. ಯಾರೂ ತೋರಿಸದೆ, ಹತ್ತು ನಿಮಿಷದಲ್ಲಿ ಹತ್ತು ಬೆಡ್ ಮುಗಿಸು ಅಂದ್ರೆ ಅದು ಬರೀ ಬೆಡ್‌ಶೀಟು.

‘ಮುಂದೆ ಜರ್ಮನಿಗೆ ಹೋಗಿ ಲಕ್ಷ ಎಣಿಸ್ತೀರಲ್ಲ, ಈಗ ಸ್ವಲ್ಪ ಕಷ್ಟಪಡಿ.’ ನಮ್ಮ ಹಾಸ್ಟೆಲಲ್ಲಿ ರಾತ್ರಿ ಹನ್ನೊಂದಕ್ಕೆ ಡೆರ್, ಡೀ, ಡಾಸ್ ಅಂತ ಬಾಯಿಪಾಠ ಮಾಡೋ ದನಿ ಯಾಕೆ ಕೇಳ್ಸುತ್ತೆ ಅಂತ ಯೋಚನೆ ಮಾಡಿ. ಕನ್ನಡದಲ್ಲಿ ಹತ್ತನೇ ಕ್ಲಾಸ್ ಓದಿ ಬಂದ ಹುಡುಗಿ ಬಿ2 ಲೆವೆಲ್ ಜರ್ಮನ್ ಕಲೀತಾಳೆ ಅಂದ್ರೆ ಅವಳಿಗೆ ಇಲ್ಲಿ ಏನು ಸಿಗಲ್ಲ ಅಂತ ಗೊತ್ತಿದೆ ಅಂತ ಅರ್ಥ.

ಏನು ಸಿಗಬೇಕಿತ್ತು ಅನ್ನೋದೂ ಗುಟ್ಟಲ್ಲ. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ಸಮಿತಿ ಮಾಡ್ತು. 200 ಹಾಸಿಗೆಗಿಂತ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, ಎಷ್ಟೇ ಚಿಕ್ಕ ಆಸ್ಪತ್ರೆ ಆದ್ರೂ ತಿಂಗಳಿಗೆ 20,000 ರೂಪಾಯಿಗೆ ಕಮ್ಮಿ ಇಲ್ಲ ಅಂತ ಆ ಸಮಿತಿ ಶಿಫಾರಸು ಮಾಡ್ತು. ಶಿಫಾರಸು ಅಂದ್ರೆ ಗೊತ್ತಲ್ಲ, ಜಾರಿ ಮಾಡೋದು ರಾಜ್ಯಗಳಿಗೆ ಬಿಟ್ಟಿದ್ದು. ಕೇರಳದಲ್ಲಿ ನರ್ಸ್‌ಗಳು ಚೇರ್ತಲದಿಂದ ತಿರುವನಂತಪುರಕ್ಕೆ ನಡ್ಕೊಂಡು ಬರ್ತೀವಿ ಅಂತ ನಿಂತಾಗ, 2018ರ ಏಪ್ರಿಲ್ 23ಕ್ಕೆ, ಹೊರಡೋ ಹಿಂದಿನ ದಿನ, 20,000 ಕನಿಷ್ಠ ವೇತನದ ಅಧಿಸೂಚನೆ ಬಂತು. ದೀಪ ಹಚ್ಚಿದ್ದಕ್ಕಲ್ಲ, ಶೂ ಹಾಕಿದ್ದಕ್ಕೆ. ನಮ್ಮ ಕ್ಲಾಸಲ್ಲಿರೋ ಮಲಯಾಳಿ ಗೆಳತೀರಿಗೆ ಈ ಕತೆ ಅವರ ಅಕ್ಕಂದಿರಿಂದ ಗೊತ್ತು. ನಾವು ಅವರ ಹತ್ರ ಬೀಫ್ ಫ್ರೈ, ಓಣಂ ಸೀರೆ ಬಗ್ಗೆ ಕೇಳ್ತೀವಿ, ಇದನ್ನ ಕೇಳಲ್ಲ.

‘ಆಸ್ಪತ್ರೆಯಲ್ಲಿ ಸ್ಟಾಫ್ ಇಲ್ಲ, ನೀವು ಮಾಡದಿದ್ರೆ ಪೇಷೆಂಟ್ ಗತಿ?’ ಇದೊಂದೇ ನನ್ನನ್ನ ಸುಮ್ಮನಾಗಿಸೋ ಪ್ರಶ್ನೆ. ಯಾಕಂದ್ರೆ ನಿಜ, ನಾವು ಕೈಬಿಟ್ರೆ ಆ ಅಜ್ಜ ಒದ್ದೆ ಹಾಸಿಗೆ ಮೇಲೇ ಇರ್ತಾನೆ. ಯಾರೂ ಕೈಬಿಡಲ್ಲ ಅಂತ ಅವರಿಗೂ ಗೊತ್ತು. ಅದಕ್ಕೇ ಸ್ಟಾಫ್ ತಗೊಳಲ್ಲ. ಪ್ರತಿ ವರ್ಷ ಹೊಸ ಬ್ಯಾಚ್ ಬರುತ್ತಲ್ಲ, ಪುಕ್ಕಟೆ.

7/7
ಮುಷ್ಕರ ಮಾಡಿ ಅಂತ ನಾನು ಹೇಳ್ತಿಲ್ಲ. ಇಂಟರ್ನಲ್ ಮಾರ್ಕ್ಸ್ ಯಾರ ಕೈಲಿದೆ ಅಂತ ನನಗೂ ಗೊತ್ತು, ನಮ್ಮಪ್ಪ ಸೊಸೈಟೀಲಿ ಸಾಲ ತೆಗೆದು ಫೀಸ್ ಕಟ್ಟಿರೋದು.

ಒಂದು ನೋಟ್‌ಬುಕ್ ತಗೊಳ್ಳಿ. ಮೂವತ್ತು ರೂಪಾಯಿದು ಸಾಕು. ಈ ತಿಂಗಳು ಪ್ರತಿ ಡ್ಯೂಟಿ ಮುಗಿದ ಮೇಲೆ ನಾಲ್ಕು ಸಾಲು ಬರೀರಿ: ಎಷ್ಟು ಗಂಟೆಗೆ ಹೋದೆ, ಎಷ್ಟಕ್ಕೆ ಬಿಟ್ರು, ಅದರಲ್ಲಿ ಯಾರಾದ್ರೂ ಪಕ್ಕ ನಿಂತು ಕಲಿಸಿದ ನಿಮಿಷ ಎಷ್ಟು, ಲ್ಯಾಬಿಗೆ ಫಾರ್ಮಸಿಗೆ ಓಡಾಡಿದ ನಿಮಿಷ ಎಷ್ಟು. ಪೇಷೆಂಟ್ ಹೆಸರು, ಕಾಯಿಲೆ, ಬೆಡ್ ನಂಬರ್ ಬರೀಬೇಡಿ, ಅದು ಅವರ ಗುಟ್ಟು. ಸಿಸ್ಟರ್‌ಗಳ ಹೆಸರೂ ಬೇಡ, ಅವರು ನಮ್ಮ ಶತ್ರುಗಳಲ್ಲ. ಬರೀ ನಿಮಿಷ.

ಇಪ್ಪತ್ತು ಜನ ಬರೆದ್ರೂ ಸಾಕು. ಕೂಡಿಸಿ ಒಂದು ಹಾಳೆ ಮಾಡಿ ಪ್ರಿನ್ಸಿಪಾಲ್ ಟೇಬಲ್ ಮೇಲೆ ಇಡೋಣ, ಜೊತೆಗೆ ಮೂರೇ ಬೇಡಿಕೆ: ದಿನಕ್ಕೆ ಒಂದು ಗಂಟೆ ಬೆಡ್ ಪಕ್ಕದಲ್ಲಿ ಪಾಠ, ಇಂಟರ್ನ್‌ಶಿಪ್ಪಿಗೆ ಸ್ಟೈಪೆಂಡ್, ಶಿಕ್ಷೆಯಾಗಿ ಡ್ಯೂಟಿ ಹಾಕೋದು ಬಂದ್. ಗೇಟಿನ ವಿಷಯ ಬೇರೆ ಅರ್ಜಿ, ಅದಕ್ಕೆ ಫಿಸಿಯೋದವರೂ ಫಾರ್ಮಸಿಯವರೂ ಸೈನ್ ಹಾಕ್ತೀವಿ ಅಂದಿದ್ದಾರೆ.

ಇಂಟರ್ನ್ ಸೀನಿಯರ್ಸ್, ನೀವು ಮೊದಲು ಶುರು ಮಾಡಿ, ನಿಮ್ಮ ಗಂಟೆ ಜಾಸ್ತಿ. ಫಸ್ಟ್ ಸೆಮ್‌ನವರು ಹೆದರಬೇಡಿ, ನೀವು ಹೆಸರಿಲ್ಲದೆ ಬರೆದುಕೊಡಿ. ನನಗೆ ನಾಳೆಯಿಂದ ಆರ್ಥೋ ವಾರ್ಡ್, ಮಾರ್ನಿಂಗು. ರಿಪ್ಲೈ ಎಲ್ಲಾ ಎರಡು ಗಂಟೆ ಮೇಲೆ.