ಬಿಡಾರ ಬದಲಿಸುವ ಮುನ್ನ ಒಲೆ ಬದಲಿಸಬೇಕೆ?

ಬೇಸಿಗೆ ರಜೆ ಬಂತೆಂದರೆ ಮಂಗಳೂರಿನಲ್ಲಿ ಬಿಡಾರ ಬದಲಿಸುವವರ ಗಡಿಬಿಡಿ. ಶಾಲೆ ಶುರುವಾಗುವ ಮೊದಲು, ಮಳೆ ಹಿಡಿಯುವ ಮೊದಲು ಸಾಮಾನು ಸಾಗಿಸಿ ಮುಗಿಸಬೇಕು. ಟೆಂಪೊ ಗೊತ್ತುಮಾಡಿ, ಪಾತ್ರೆ ಪಗಡೆಗಳನ್ನು ಗೋಣಿಗೆ ತುಂಬಿ, ಮನೆ ಯಜಮಾನರಿಂದ ಅಡ್ವಾನ್ಸ್ ವಾಪಸು ಪಡೆಯುವಷ್ಟರಲ್ಲಿ ಹೈರಾಣಾದವರಿಗೆ ಅಡುಗೆಮನೆ ಮೂಲೆಯ ಸಿಲಿಂಡರ್ ನೆನಪಾಗುವುದು ಕಟ್ಟಕಡೆಗೆ.

ಈಚೆಗೆ ಅದರ ಜೊತೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಬೀದಿಗೆ ಗ್ಯಾಸಿನ ಕೊಳವೆ ಬಂದಿದೆ, ಅಕ್ಕಪಕ್ಕದವರೆಲ್ಲ ಹಾಕಿಸಿಕೊಂಡಿದ್ದಾರೆ. ಹನ್ನೊಂದು ತಿಂಗಳ ಕರಾರಿನಲ್ಲಿ ಇನ್ನೆರಡು ತಿಂಗಳಷ್ಟೇ ಉಳಿದಿರುವ ಬಾಡಿಗೆದಾರರೂ ಸಿಲಿಂಡರ್ ಬಿಟ್ಟು ಕೊಳವೆಗೆ ಬದಲಾಗಬೇಕೆ? ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಕಾರಣ ತಿಳಿಯದೆ ಹೋದರೆ ನಷ್ಟ ಹಣದ್ದು ಮಾತ್ರವಲ್ಲ.

ಕೊಚ್ಚಿಯಿಂದ ಮಂಗಳೂರಿಗೆ ಬರುವ 450 ಕಿಲೋಮೀಟರಿನ ಅನಿಲ ಕೊಳವೆ ಮಾರ್ಗ ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ದಕ್ಷಿಣ ಕನ್ನಡದಲ್ಲಿ ಮನೆಮನೆಗೆ ಅನಿಲ ಕೊಡುವ ಹೊಣೆ ಗೇಲ್ ಗ್ಯಾಸ್ ಸಂಸ್ಥೆಯದು. ಸವಲತ್ತು ಒಳ್ಳೆಯದೇ. ಬುಕಿಂಗ್ ಇಲ್ಲ, ನೆಂಟರು ಬಂದ ದಿನವೇ ಗ್ಯಾಸ್ ಮುಗಿಯುವ ಪಜೀತಿ ಇಲ್ಲ, ಉರಿಸಿದಷ್ಟಕ್ಕೆ ಆಮೇಲೆ ಬಿಲ್ಲು. ದಿನವೂ ಕುಚ್ಚಲಕ್ಕಿ ಬೇಯಿಸುವ ಮನೆಗಳಿಗೆ ಇದು ಸಣ್ಣ ನೆಮ್ಮದಿಯಲ್ಲ. ಆದರೆ ಕೊಳವೆ, ಮೀಟರು ಎರಡೂ ಮನೆಯ ಗೋಡೆಗೆ ಅಂಟಿಕೊಂಡವು. ಬಾಡಿಗೆದಾರರು ಹೊರಟರೂ ಅವು ಅಲ್ಲೇ. ಹೋಗುವ ಮನೆಯಲ್ಲಿ ಕೊಳವೆ ಇರುತ್ತದೆಂಬ ಖಾತ್ರಿಯೂ ಇಲ್ಲ.

ಸಿಲಿಂಡರಿನ ಸಂಪರ್ಕ ಹಾಗಲ್ಲ. ಅದು ಮನೆಗೆ ಸೇರಿದ್ದಲ್ಲ, ಹೆಸರಿಗೆ ಸೇರಿದ್ದು. ಅದೇ ಏಜೆನ್ಸಿಯ ವ್ಯಾಪ್ತಿಯೊಳಗೇ ಮನೆ ಬದಲಾದರೆ ವಿಳಾಸ ತಿದ್ದಿಸಿದರಾಯಿತು. ಅದೇ ಊರಿನಲ್ಲಿ, ಅದೇ ಕಂಪೆನಿಯ ಬೇರೆ ಏಜೆನ್ಸಿಯಾದರೆ ವರ್ಗಾವಣೆ ಪತ್ರ ಸಾಕು, ಸಿಲಿಂಡರ್ ಕೊಟ್ಟುಬಿಡಬೇಕಾಗಿಲ್ಲ. ಬೇರೆ ಊರಿಗಾದರೆ ಸಿಲಿಂಡರ್ ಮತ್ತು ರೆಗ್ಯುಲೇಟರ್ ಒಪ್ಪಿಸಿ, ಠೇವಣಿ ಹಿಂಪಡೆದು, ಟರ್ಮಿನೇಶನ್ ವೋಚರ್ ತೆಗೆದುಕೊಳ್ಳಬೇಕು. ಹೊಸ ಊರಿನಲ್ಲಿ ಅದನ್ನು ತೋರಿಸಿ, ಹಿಂದಕ್ಕೆ ಬಂದಷ್ಟೇ ಮೊತ್ತ ಕಟ್ಟಿದರೆ ಸಂಪರ್ಕ ಮುಂದುವರಿಯುತ್ತದೆ. ಕಂಪೆನಿಯನ್ನೇ ಬದಲಿಸುವ ಅವಕಾಶವೂ ಉಂಟು. ಕಾರ್ಕಳದಿಂದ ಶಾಸಕರಾಗಿದ್ದ ವೀರಪ್ಪ ಮೊಯ್ಲಿ ಪೆಟ್ರೋಲಿಯಂ ಸಚಿವರಾಗಿದ್ದಾಗ, 2013ರಲ್ಲಿ ಕೆಲವು ನಗರಗಳಲ್ಲಿ ಆರಂಭವಾದ ವ್ಯವಸ್ಥೆ ಅದು.

ಆ ವೋಚರಿನ ಕಾಗದವನ್ನು ಹಗುರವಾಗಿ ಕಾಣಬಾರದು. ಅಪ್ಪನ ಕಾಲದಲ್ಲಿ ವರ್ಷಗಟ್ಟಲೆ ಕಾದು ಗ್ಯಾಸ್ ಪಡೆದ ಮನೆಗಳು ಮಂಗಳೂರಿನಲ್ಲಿ ಬೇಕಾದಷ್ಟಿವೆ. ಅಂದು ಕಟ್ಟಿದ ಠೇವಣಿ ಕೆಲವು ನೂರು ರೂಪಾಯಿ. ಸಂಪರ್ಕ ಕೈಬಿಟ್ಟರೆ ಕೈಗೆ ಬರುವುದೂ ಅಷ್ಟೇ. ಮತ್ತೆ ಹೊಸದಾಗಿ ಅರ್ಜಿ ಹಾಕಹೊರಟರೆ ಲೆಕ್ಕ ಬೇರೆ. 2022ರ ಜೂನಿನಲ್ಲಿ 14.2 ಕಿಲೋ ಸಿಲಿಂಡರಿನ ಠೇವಣಿ 1450ರಿಂದ 2200 ರೂಪಾಯಿಗೆ, ರೆಗ್ಯುಲೇಟರಿನದು 150ರಿಂದ 250ಕ್ಕೆ ಏರಿತು. ಎರಡು ತಿಂಗಳ ಕೊಳವೆಯ ಸುಖಕ್ಕೆ ಹಳೆಯ ಸಂಪರ್ಕ ಕಳೆದುಕೊಂಡವರು ಹೊಸ ಬಿಡಾರದಲ್ಲಿ ತೆರುವ ದಂಡವಿದು.

ಹಣ ಹೋದರೆ ಹೋಗಲಿ ಎನ್ನಬಹುದು. ಒಲೆಯ ವಿಷಯದಲ್ಲಿ ಹಾಗೆನ್ನುವಂತಿಲ್ಲ. ಬರ್ನರಿನ ಕೆಳಗೆ ಹಿತ್ತಾಳೆಯ ಪುಟ್ಟದೊಂದು ತುಂಡು ಇರುತ್ತದೆ, ಅದೇ ಜೆಟ್. ಅದರ ಸೂಜಿಮೊನೆಯಷ್ಟು ತೂತಿನಿಂದಲೇ ಅನಿಲ ಬರಬೇಕು. ಸಿಲಿಂಡರಿನ ಅನಿಲ ಪ್ರೊಪೇನ್, ಬ್ಯೂಟೇನುಗಳದ್ದು. ಕೊಳವೆಯದ್ದು ಬಹುಪಾಲು ಮೀಥೇನ್. ಅಳತೆಗೆ ಅಳತೆ ನೋಡಿದರೆ ಮೊದಲನೆಯದರ ಶಾಖ ಎರಡನೆಯದರ ಸುಮಾರು ಎರಡೂವರೆ ಪಟ್ಟು. ಹಾಗಾಗಿ ಕೊಳವೆ ಜೋಡಿಸುವಾಗ ಒಲೆಗೆ ದೊಡ್ಡ ತೂತಿನ ಜೆಟ್ ಹಾಕುತ್ತಾರೆ. ಬಿಡಾರ ಬದಲಿಸುವವರು ಅದೇ ಒಲೆಯನ್ನು ಟೆಂಪೊದಲ್ಲಿ ಒಯ್ದು, ಹಾಲುಕ್ಕಿಸುವ ಮುಹೂರ್ತ ಮೀರುತ್ತದೆಂದು ಯಾರದೋ ಸಿಲಿಂಡರಿಗೆ ಸಿಕ್ಕಿಸಿದರೆ? ನೀಲಿಯಾಗಿ ಉರಿಯಬೇಕಾದ ಜ್ವಾಲೆ ಹಳದಿಯಾಗಿ ಪಾತ್ರೆಯ ಅಂಚಿನ ಮೇಲಕ್ಕೆ ಏಳುತ್ತದೆ. ಪಾತ್ರೆಯ ತಳ ಮಸಿ. ಮಳೆಗೆಂದು ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಅರೆಬರೆ ಉರಿದ ಅನಿಲದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೊಳವೆಗೆ ಆಗಲೇ ಬದಲಾಗಿರುವವರು ತೆಗೆದ ಹಳೆಯ ಜೆಟ್‌ಗಳನ್ನು ಮೆಕ್ಯಾನಿಕ್‌ನಿಂದ ಕೇಳಿ ಪಡೆದು, ಪೊಟ್ಟಣ ಕಟ್ಟಿ ಇಟ್ಟುಕೊಳ್ಳುವುದು ಒಳ್ಳೆಯದು. ಮರಳಿ ಹಾಕಿಸಿದ ಮೇಲೆಯೇ ಸಿಲಿಂಡರಿಗೆ ಜೋಡಿಸಬೇಕು. ರಬ್ಬರ್ ಟ್ಯೂಬನ್ನೂ ಅದೇ ದಿನ ನೋಡಿಸಿಬಿಡಬಹುದು.

ಸೋರಿದಾಗಲೂ ಇವೆರಡರ ಸ್ವಭಾವ ಬೇರೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ. ಕೊಳವೆಯದ್ದು ಹಗುರ, ಮಾಡಿನತ್ತ ಏರುತ್ತದೆ. ಮೇಲಿನ ಕಿಂಡಿಯನ್ನೇ ನಂಬಿ ರೂಢಿಯಾದವರು ಸಿಲಿಂಡರಿಗೆ ಮರಳಿದಾಗ ಬಾಗಿಲನ್ನೂ ತೆರೆಯಲು ಕಲಿಯಬೇಕು.

ಯಜಮಾನರ ಹೆಸರಿನಲ್ಲೇ ಕೊಳವೆ ಇದ್ದ ಮನೆಯಾದರೆ ತಾಪತ್ರಯ ಕಡಿಮೆ. ಬೀಗದ ಕೈ ಕೊಡುವ ದಿನ ಇಬ್ಬರೂ ನಿಂತು ಮೀಟರ್ ಓದಿ ಬರೆದುಕೊಂಡು, ಅಲ್ಲಿಯವರೆಗಿನ ಲೆಕ್ಕ ಚುಕ್ತಾ ಮಾಡಿದರೆ ಮುಗಿಯಿತು. ಬಾಡಿಗೆದಾರರ ಹೆಸರಿನಲ್ಲಿದ್ದರೆ ಮೊದಲೇ ಅರ್ಜಿ ಕೊಟ್ಟು ಹೆಸರು ಬದಲಿಸಬೇಕು, ಇಲ್ಲವೆ ಸಂಪರ್ಕ ಮುಚ್ಚಿಸಬೇಕು. ಬಿಟ್ಟುಹೋದರೆ ಮುಂದೆ ಬರುವವರು ಉರಿಸಿದ್ದಕ್ಕೂ ಬಿಲ್ಲು ಹಿಂದಿನವರ ಹೆಸರಿಗೇ.

ವಿದ್ಯುತ್ತಿನಲ್ಲಿ ಬದಲಿಸುವ ಪ್ರಶ್ನೆಯೇ ಇಲ್ಲ. ಬ್ರಿಟನ್ನಿನಲ್ಲಿ 1999ರ ಹೊತ್ತಿಗೇ ಮನೆಯವರು ತಮಗೆ ಬೇಕಾದ ವಿದ್ಯುತ್ ಕಂಪೆನಿ ಆರಿಸುವಂತಾಯಿತು. ಇಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಮೆಸ್ಕಾಂ ಬಂತು; ಗ್ರಾಹಕರ ಆಯ್ಕೆ ಮಾತ್ರ ಬರಲಿಲ್ಲ. ಆದರೆ ಅಲ್ಲೂ ಒಂದು ಗಂಟು ಬಿಚ್ಚಬೇಕು. 2023ರ ಗೃಹಜ್ಯೋತಿಗೆ ಬಾಡಿಗೆದಾರರು ಮನೆಯ ಆರ್.ಆರ್. ಸಂಖ್ಯೆಗೆ ತಮ್ಮ ಆಧಾರ್ ಜೋಡಿಸಿರುತ್ತಾರೆ. ಮನೆ ಬಿಡುವಾಗ ಆ ಜೋಡಣೆ ಕಳಚದಿದ್ದರೆ ಹೊಸ ಮನೆಗೆ ನೋಂದಣಿ ಸಿಗುವುದಿಲ್ಲ. ಕಳಚುವ ಅನುಕೂಲವನ್ನು 2024ರಲ್ಲಿ ಸೇವಾ ಸಿಂಧುವಿನಲ್ಲಿ ಕಲ್ಪಿಸಲಾಯಿತು. ಟೆಂಪೊ ಬರುವ ಮೊದಲೇ ಇದನ್ನು ಮುಗಿಸಿಕೊಂಡರೆ ಹೊಸ ಮನೆಯ ಅರ್ಜಿ ತಡೆಯಿಲ್ಲದೆ ಹಾಕಬಹುದು.