ಗೃಹ ಸಾಬೂನು ಉದ್ಯಮ: ಅಚ್ಚಿನ ಆಯ್ಕೆಯೂ ತೂಕದ ಲೆಕ್ಕವೂ

ಮಂಡ್ಯದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಬೆಲ್ಲದ ಧಾರಣೆಯನ್ನು ಪ್ರಕಟಿಸುವಾಗ ‘ಬೆಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ಪದ್ಧತಿಯಿಲ್ಲ. ಅಚ್ಚು ಬೆಲ್ಲ, ಉಂಡೆ ಬೆಲ್ಲ, ಕುರಿಕಟ್ಟು, ಬಕೆಟ್ ಎಂದು ಬಗೆಬಗೆಯಾಗಿ ವಿಂಗಡಿಸಿ ದರವನ್ನು ಬೇರೆ ಬೇರೆಯಾಗಿಯೇ ಹೇಳಲಾಗುತ್ತದೆ. ಅದೇ ಗದ್ದೆಯ ಕಬ್ಬು, ಅದೇ ಆಲೆಮನೆಯ ಕೊಪ್ಪರಿಗೆ. ಆದರೂ ಪಾಕವು ಯಾವ ಆಕಾರಕ್ಕೆ ಇಳಿಯಿತೆಂಬುದರ ಮೇಲೆ ಕೊಳ್ಳುವವನೂ ಬೇರೆಯಾಗುತ್ತಾನೆ, ಸಾಗಣೆಯ ಕ್ರಮವೂ ಬೇರೆಯಾಗುತ್ತದೆ. ಬಣ್ಣ ಮತ್ತು ಗಟ್ಟಿತನಗಳಷ್ಟೇ ಆಕಾರವೂ ಬೆಲೆಯ ಅಂಗವೆಂಬ ಸತ್ಯವನ್ನು ಈ ಜಿಲ್ಲೆಯ ವರ್ತಕರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಹೀಗಿರುವಾಗ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸ್ವಸಹಾಯ ಗುಂಪುಗಳೂ ಗೃಹಿಣಿಯರೂ ಕೈಗೊಳ್ಳುವ ಸಾಬೂನು ತಯಾರಿಕೆಯಲ್ಲಿ ಅಚ್ಚನ್ನು ಬರಿಯ ಆಟಿಕೆಯಂತೆ ಕಾಣಲಾಗುತ್ತಿರುವುದು ಸೋಜಿಗದ ಸಂಗತಿ. ತರಬೇತಿಯ ಅವಧಿಯಲ್ಲಿ ಎಣ್ಣೆ, ಕಾಸ್ಟಿಕ್ ಸೋಡಾ, ಪರಿಮಳ ಇವುಗಳ ವಿಚಾರ ಬರುತ್ತದೆ; ಅಚ್ಚಿನ ಖರೀದಿಯನ್ನು ಮಾತ್ರ ಅವರವರ ಅಭಿರುಚಿಗೆ ಬಿಟ್ಟುಬಿಡಲಾಗುತ್ತದೆ. ಪರಿಣಾಮವಾಗಿ, ಸಾಲದ ಮೊದಲ ಕಂತಿನಲ್ಲಿ ಗಣನೀಯ ಪಾಲು ಗುಲಾಬಿ, ಹೃದಯ, ಚಿಟ್ಟೆ, ಶಂಖ, ಮಗುವಿನ ಪಾದ ಮುಂತಾದ ಆಕಾರಗಳ ಸಿಲಿಕೋನ್ ಅಚ್ಚುಗಳಿಗೆ ವ್ಯಯವಾಗುತ್ತದೆ. ಪ್ರತಿಯೊಂದು ಆಕಾರದ ತೂಕವೂ ಬೇರೆ, ಅದಕ್ಕೆ ಬೇಕಾದ ಪೆಟ್ಟಿಗೆಯೂ ಬೇರೆ. ಬಗೆಬಗೆಯ ಅಚ್ಚುಗಳ ಸಂಗ್ರಹವು ಹವ್ಯಾಸಿಗೆ ಸಂತೋಷ ಕೊಡುವ ವಿಷಯವೇ ಸರಿ, ಅದನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಸಾಲ ಪಡೆದು, ಮಾರಿ, ಕಂತು ತೀರಿಸಬೇಕಾದ ಗುಂಪಿನ ಪಾಲಿಗೆ ಅದು ಕಪಾಟಿನಲ್ಲಿ ಮಲಗಿದ ಬಂಡವಾಳ.

ಕಾನೂನಿನ ಮಾತು ಮೊದಲು. 2011ರ ಪ್ಯಾಕ್ ಮಾಡಿದ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಹೊದಿಕೆಯ ಮೇಲೆ ನಿವ್ವಳ ತೂಕವನ್ನು ಮುದ್ರಿಸುವುದು ಕಡ್ಡಾಯ. 2021ರ ತಿದ್ದುಪಡಿಯ ತರುವಾಯ ಗ್ರಾಂ ಒಂದಕ್ಕೆ ಬೀಳುವ ದರವನ್ನೂ ನಮೂದಿಸಬೇಕಾಗಿದೆ. ಮಾರಾಟಕ್ಕಾಗಿ ಸ್ನಾನದ ಸಾಬೂನು ತಯಾರಿಸುವವರು 2020ರ ಪ್ರಸಾಧನ ಸಾಮಗ್ರಿ ನಿಯಮಗಳನ್ವಯ ಪರವಾನಗಿ ಪಡೆಯಬೇಕೆಂಬುದು ಬೇರೆಯೇ ವಿಷಯ. ಅದನ್ನು ಮನೆಯ ಕೆಲಸವೆಂದು ಕಡೆಗಣಿಸುವಂತಿಲ್ಲ. ಐದು ಆಕಾರಗಳನ್ನು ಇಟ್ಟುಕೊಂಡ ಗುಂಪು ಐದು ತೂಕಗಳನ್ನು ಅಚ್ಚು ಹಾಕಿಸಬೇಕು, ಐದು ದರಗಳನ್ನು ಲೆಕ್ಕಿಸಬೇಕು. ಹಾಗೆ ಮಾಡದೆ ಎಲ್ಲದರ ಮೇಲೂ ‘100 ಗ್ರಾಂ’ ಎಂಬ ಒಂದೇ ಚೀಟಿ ಅಂಟಿಸಿದರೆ ತೂಕದ ಇಲಾಖೆಯ ತನಿಖೆಗೆ ಉತ್ತರ ಹೇಳುವುದು ಕಷ್ಟವಾದೀತು.

ಇಲ್ಲಿಯೇ ಸಾಬೂನಿನ ಸ್ವಭಾವವೂ ಅಡ್ಡಬರುತ್ತದೆ. ತಣ್ಣನೆಯ ವಿಧಾನದಲ್ಲಿ ತಯಾರಾದ ಸಾಬೂನು ಅಚ್ಚಿನಿಂದ ಹೊರಬಂದ ದಿನದ ತೂಕದಲ್ಲಿ ಉಳಿಯುವುದಿಲ್ಲ. ನಾಲ್ಕರಿಂದ ಆರು ವಾರ ಹದಗೊಳ್ಳುವಷ್ಟರಲ್ಲಿ ಅದರೊಳಗಿನ ನೀರು ಆರಿ ಶೇಕಡ 10ರಿಂದ 15ರಷ್ಟು ತೂಕ ಇಳಿಯುವುದು ಸಾಮಾನ್ಯ. ದೊಡ್ಡ ಕಂಪನಿಗಳ ಸಾಬೂನಿನ ಹೊದಿಕೆಯಲ್ಲಿ ‘ಪ್ಯಾಕ್ ಮಾಡಿದಾಗಿನ ತೂಕ’ ಎಂಬ ವಿಶೇಷಣವನ್ನು ಓದದವರಿಲ್ಲ. ಅದರ ಹಿಂದಿರುವ ಕಾರಣವೂ ಇದೇ. ಆದ್ದರಿಂದ ಹದಗೊಂಡ ಮೇಲೆ 100 ಗ್ರಾಂ ತೂಗಬೇಕಾದ ಸಾಬೂನಿಗೆ ಅಚ್ಚಿನಲ್ಲಿ 115ರಿಂದ 118 ಗ್ರಾಂ ಹಸಿ ಮಿಶ್ರಣ ಹಿಡಿಯಬೇಕು. ಹಸಿ ಮಿಶ್ರಣವು ಸರಿಸುಮಾರು ಒಂದು ಘನ ಸೆಂಟಿಮೀಟರಿಗೆ ಒಂದು ಗ್ರಾಂ ತೂಗುವುದರಿಂದ, ಅಚ್ಚಿಗೆ ನೀರು ತುಂಬಿ ಆ ನೀರನ್ನು ಅಳೆದರೆ ಅಂಗಡಿಯಲ್ಲಿಯೇ ಲೆಕ್ಕ ಸಿಗುತ್ತದೆ. ಅಚ್ಚು ಕೊಳ್ಳಲು ಹೋಗುವವರು ಕೈಚೀಲದಲ್ಲಿ ಅಳತೆಯ ಲೋಟವೊಂದನ್ನು ಒಯ್ದರೆ ಅಂಗಡಿಯವನು ನಗಬಹುದು, ನಗಲಿ.

ಪೆಟ್ಟಿಗೆಯಿಂದ ಆರಂಭಿಸಿ ಹಿಂದಕ್ಕೆ ಲೆಕ್ಕ ಹಾಕುವುದೇ ಸರಿಯಾದ ಕ್ರಮವೆನಿಸುತ್ತದೆ. ಮಾರುವ ಸಾಬೂನು ಎಷ್ಟು ಗ್ರಾಂ, ಅದರ ಪೆಟ್ಟಿಗೆಯ ಅಳತೆ ಏನು, ಒಂದು ರಟ್ಟಿನ ಡಬ್ಬಿಯಲ್ಲಿ ಎಷ್ಟು ಹಿಡಿಯುತ್ತವೆ ಎಂಬುದು ನಿಶ್ಚಯವಾದ ನಂತರವಷ್ಟೇ ಅಚ್ಚಿನ ಪ್ರಶ್ನೆ. ಉದಾಹರಣೆಗೆ, 30 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರದ ಉದ್ದ ಅಚ್ಚನ್ನು ತೆಗೆದುಕೊಳ್ಳೋಣ. ಇದರಲ್ಲಿ 1,440 ಘನ ಸೆಂಟಿಮೀಟರ್ ಮಿಶ್ರಣ ಹಿಡಿಯುತ್ತದೆ. ಘನ ಅಳತೆಯನ್ನು 0.7ರಿಂದ ಗುಣಿಸಿದರೆ ಬೇಕಾಗುವ ಎಣ್ಣೆಯ ಗ್ರಾಂ ಲೆಕ್ಕ ದೊರೆಯುವುದರಿಂದ ಸುಮಾರು ಒಂದು ಕಿಲೋ ಎಣ್ಣೆಗೆ ಈ ಅಚ್ಚು ಸರಿಹೊಂದುತ್ತದೆ. ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿದರೆ ಹನ್ನೆರಡು ಬಿಲ್ಲೆಗಳು. ಒಂದೊಂದೂ ಹಸಿಯಲ್ಲಿ 120 ಗ್ರಾಂ, ಹದಗೊಂಡಾಗ ನೂರು ಗ್ರಾಂಗೆ ಕಡಿಮೆಯಾಗದು. ವಾರಕ್ಕೆ 240 ಸಾಬೂನು ಬೇಕೆನ್ನುವ ಗುಂಪು ವಾರದಲ್ಲಿ ನಾಲ್ಕು ದಿನ ಸುರಿದರೆ ಇಂತಹ ಐದು ಅಚ್ಚುಗಳು ಸಾಕು. ಇದೇ ಕೆಲಸಕ್ಕೆ ಆರು ಕುಳಿಗಳ ಹಾಳೆಗಳಾದರೆ ಹತ್ತು ಬೇಕು, ಅವುಗಳನ್ನು ಸಮತಟ್ಟಾಗಿ ಹರಡಲು ಜಾಗವೂ ಬೇಕು.

ಹಾಗೆಂದು ಉದ್ದ ಅಚ್ಚೇ ಎಲ್ಲರಿಗೂ ಶ್ರೇಷ್ಠವೆಂದು ಹೇಳಲಾಗದು. ಮದ್ದೂರು ಸೀಮೆ ತೆಂಗಿನ ನಾಡು. ಅಲ್ಲಿಯ ಎಳನೀರಿನ ಮಾರುಕಟ್ಟೆಯ ಖ್ಯಾತಿ ಹೊರರಾಜ್ಯಗಳಿಗೂ ಹಬ್ಬಿದೆ. ಇಲ್ಲಿ ಸಾಬೂನು ಮಾಡುವವರು ಕೊಬ್ಬರಿ ಎಣ್ಣೆಯನ್ನೇ ಪ್ರಧಾನವಾಗಿ ಬಳಸುವುದು ಸಹಜ. ಕೊಬ್ಬರಿ ಎಣ್ಣೆ ಹೆಚ್ಚಾದಷ್ಟೂ ಸಾಬೂನು ಬೇಗ ಬಿರುಸಾಗುತ್ತದೆ. ಸಂಜೆ ಸುರಿದು ಮಾರನೆಯ ದಿನ ಮಧ್ಯಾಹ್ನ ಕತ್ತರಿಸಲು ಕೂತರೆ ಚಾಕುವಿನ ಕೆಳಗೆ ಅದು ಕಲ್ಲುಸಕ್ಕರೆಯಂತೆ ಒಡೆಯುತ್ತದೆ. ಹೊಲ, ಮನೆ, ದನಕರುಗಳ ನಡುವೆ ಬಿಡುವು ಮಾಡಿಕೊಂಡು ಕೆಲಸ ಮಾಡುವ ಮಹಿಳೆಗೆ ಸರಿಯಾದ ಗಳಿಗೆಯಲ್ಲಿ ಬಂದು ಕತ್ತರಿಸೆಂದು ಹೇಳುವುದು ಸುಲಭವಲ್ಲ. ಅಂತಹವರಿಗೆ ಕತ್ತರಿಸುವ ಅಗತ್ಯವೇ ಇಲ್ಲದ ಬಿಡಿ ಕುಳಿಗಳ ಅಚ್ಚು ಮೇಲು. ಹೊಂಗೆ, ಕಡಲೆಕಾಯಿ, ಹರಳೆಣ್ಣೆಗಳನ್ನು ಬೆರೆಸಿ ಮೃದುವಾದ ಪಾಕ ಮಾಡುವವರಿಗೆ ಉದ್ದ ಅಚ್ಚು ಒಗ್ಗುತ್ತದೆ. ಸಿದ್ಧ ಸಾಬೂನಿನ ತಳಪದಾರ್ಥವನ್ನು ಕರಗಿಸಿ ಸುರಿಯುವವರ ಮಾತೂ ಬೇರೆ. ಅವರಿಗೆ ಸಿಲಿಕೋನ್ ಕುಳಿಗಳೇ ಅನುಕೂಲ. ಅಂದರೆ ಅಚ್ಚನ್ನು ಆರಿಸುವುದು ಎಣ್ಣೆಯ ಸೂತ್ರವನ್ನು ನಿರ್ಧರಿಸಿದ ಮೇಲೆ. ಬಹುತೇಕ ಗುಂಪುಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತಿದೆ.

ಯಾವ ಆಕಾರವಾದರೂ ಸರಿ, ಮೈ ನುಣುಪಾಗಿರಬೇಕು. ಎಸಳೆಸಳಾದ ಗುಲಾಬಿಯ ಅಂಚುಗಳು ಸಾಗಣೆಯಲ್ಲಿ ಮುರಿಯುತ್ತವೆ. ತಣ್ಣನೆಯ ವಿಧಾನದ ಸಾಬೂನಿನ ಮೈಮೇಲೆ ಮೂಡುವ ಬಿಳಿ ಬೂದಿಯನ್ನು ಸಪಾಟಾದ ಬಿಲ್ಲೆಯಿಂದ ಒಂದೇ ಬಾರಿಗೆ ಹೆರೆದು ತೆಗೆಯಬಹುದು. ಎಸಳುಗಳ ಸಂದಿಯಿಂದ ತೆಗೆಯುವುದು ದುಸ್ಸಾಧ್ಯ. ಮಳೆಗಾಲದಲ್ಲಿ ಗ್ಲಿಸರಿನ್ ಸಾಬೂನು ಬೆವರಿದಾಗಲೂ ಆ ಸಂದಿಗಳಲ್ಲಿಯೇ ನೀರು ನಿಲ್ಲುತ್ತದೆ.

ಅಚ್ಚಿನ ವಸ್ತುವಿನ ವಿಷಯದಲ್ಲಿ ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಅಡುಗೆಮನೆಯಲ್ಲಿ ಕೈಗೆ ಸಿಗುವ ಅಲ್ಯೂಮಿನಿಯಂ ಇಡ್ಲಿ ತಟ್ಟೆ ನೋಡಲು ಹೇಳಿ ಮಾಡಿಸಿದ ಸಾಬೂನಿನ ಅಚ್ಚಿನಂತಿರುತ್ತದೆ. ಆದರೆ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮನ್ನು ತಿನ್ನುತ್ತದೆ. ಹೈಡ್ರೋಜನ್ ಅನಿಲ ಹೊರಡುತ್ತದೆ, ಪಾತ್ರೆ ಕುಳಿ ಬೀಳುತ್ತದೆ, ಸಾಬೂನೂ ಕೆಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ಗೆ ಈ ಬಾಧೆಯಿಲ್ಲ, ಆದರೆ ಅದರಿಂದ ಸಾಬೂನನ್ನು ಬಿಡಿಸುವುದು ತ್ರಾಸದಾಯಕ. ಸಾಬೂನಿಗೆ ಒಮ್ಮೆ ಬಳಸಿದ ಯಾವ ಪಾತ್ರೆಯೂ ಮತ್ತೆ ಅಡುಗೆಗೆ ಹೋಗಬಾರದೆಂಬುದನ್ನು ಮನೆಯವರೆಲ್ಲರಿಗೂ ತಿಳಿಸಿರಬೇಕು. ಇದೇ ಕಾರಣದಿಂದ ಆಲೆಮನೆಯ ಮರದ ಅಚ್ಚುಗಳನ್ನು ಬಿಡುವಿನ ಕಾಲದಲ್ಲಿ ಸಾಬೂನಿಗೆ ಬಳಸಿ ಮರಳಿ ಬೆಲ್ಲಕ್ಕೆ ಇಳಿಸುವ ಉಪಾಯವನ್ನೂ ಕೈಬಿಡಬೇಕು.

ಆಲೆಮನೆಯಿಂದ ಪಡೆಯಬೇಕಾದದ್ದು ಅಚ್ಚು ಮಾಡುವ ವಿದ್ಯೆಯನ್ನು. ಬೆಲ್ಲದ ಅಚ್ಚು ಮಾಡಬಲ್ಲ ಬಡಗಿಗೆ, ನಾಲ್ಕು ಬದಿ ಕಳಚಿಕೊಳ್ಳುವ ಉದ್ದ ಪೆಟ್ಟಿಗೆಯನ್ನು ಮಾಡಿಕೊಡುವುದು ಅರ್ಧ ದಿನದ ಕೆಲಸ. ವ್ಯತ್ಯಾಸ ಇಷ್ಟೇ: ಬೆಲ್ಲದ ಅಚ್ಚನ್ನು ನೀರಿನಲ್ಲಿ ನೆನೆಸಿದರೆ ಸಾಕಾಗುತ್ತದೆ, ಸಾಬೂನಿನ ಅಚ್ಚಿನೊಳಗೆ ಕಾಗದ ಅಥವಾ ತೆಳು ಪ್ಲಾಸ್ಟಿಕ್ ಹಾಸಲೇಬೇಕು, ಇಲ್ಲವಾದರೆ ಸಾಬೂನು ಮರಕ್ಕೆ ಅಂಟಿಕೊಳ್ಳುತ್ತದೆ. ಬೆಲ್ಲವು ಬೇಗನೆ ಗಟ್ಟಿಯಾಗಿ ಅಚ್ಚನ್ನು ತೆರವು ಮಾಡಿದರೆ ಸಾಬೂನು ಒಂದು ಹಗಲು ಒಂದು ರಾತ್ರಿ ಅಲ್ಲಿಯೇ ಕೂರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪೇಟೆಯಲ್ಲಿ ಸಿಗುವ ತೆಳು ಸಿಲಿಕೋನ್ ಉದ್ದ ಅಚ್ಚುಗಳು ಮಿಶ್ರಣದ ಭಾರಕ್ಕೆ ಹೊಟ್ಟೆ ಬಿಟ್ಟುಕೊಂಡು ನಡುವಿನ ಬಿಲ್ಲೆಗಳ ತೂಕ ಹೆಚ್ಚಿಸುತ್ತವೆ. ಅವುಗಳಿಗೂ ಹೊರಗಿನಿಂದ ಮರದ ಚೌಕಟ್ಟಿನ ಆಸರೆ ಬೇಕು. ನೀರಾವರಿಯ ನಾಡಾದ್ದರಿಂದ ಇಲ್ಲಿ ಹೊಸ ಪಿವಿಸಿ ಕೊಳವೆಯ ತುಂಡುಗಳಿಗೆ ಬರವಿಲ್ಲ. 7 ಸೆಂಟಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಸುರಿದು 3 ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿದರೆ ಹಸಿಯಲ್ಲಿ 115 ಗ್ರಾಂನ ಅಚ್ಚುಕಟ್ಟಾದ ದುಂಡು ಬಿಲ್ಲೆ ದೊರೆಯುತ್ತದೆ. ಒಳಮೈಗೆ ಕಾಗದ ಸುತ್ತಿ ಇಡುವುದನ್ನು ಮರೆತರೆ ಮಾತ್ರ ಹೊರದೂಡಲು ಇಬ್ಬರು ಬೇಕಾಗುತ್ತಾರೆ.

ಬೆಲ್ಲ ಬೆರೆಸಿದ ಸಾಬೂನಿನ ಪ್ರಸ್ತಾಪವನ್ನು ಇಲ್ಲಿ ಮಾಡಲೇಬೇಕು, ಏಕೆಂದರೆ ಮಂಡ್ಯದ ಹೆಸರಿಗೆ ಹೊಂದುವ ಸರಕು ಅದು. ಕಿರು ಆಹಾರ ಉದ್ಯಮಗಳ ಯೋಜನೆಯಲ್ಲಿ ‘ಒಂದು ಜಿಲ್ಲೆ, ಒಂದು ಉತ್ಪನ್ನ’ವಾಗಿ ಮಂಡ್ಯಕ್ಕೆ ಗೊತ್ತುಪಡಿಸಿರುವುದೂ ಬೆಲ್ಲವನ್ನೇ. ಸಕ್ಕರೆಯ ಅಂಶ ಸಾಬೂನಿನ ನೊರೆಯನ್ನು ಹೆಚ್ಚಿಸುತ್ತದೆಂಬುದು ನಿಜ. ಆದರೆ ಅದು ಅಚ್ಚಿನೊಳಗಿನ ಬಿಸಿಯನ್ನೂ ಹೆಚ್ಚಿಸುತ್ತದೆ. ಆಳವಾದ ಮರದ ಅಚ್ಚಿನಲ್ಲಿ ಆ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ಸಾಬೂನು ಉಬ್ಬಿ ನಡುವೆ ಬಿರಿಯುತ್ತದೆ, ಒಮ್ಮೊಮ್ಮೆ ಉಕ್ಕಿ ಹೊರಚೆಲ್ಲುತ್ತದೆ. ಇಂತಹ ಪಾಕವನ್ನು ಆಳವಿಲ್ಲದ ಬಿಡಿ ಕುಳಿಗಳಿಗೆ ಸುರಿದು, ಹೊದಿಕೆ ಹಾಕದೆ, ಗಾಳಿಯಾಡುವಲ್ಲಿ ಇಡುವುದು ಕ್ಷೇಮ. ಬೆಲ್ಲದ ಸಾಬೂನು ಕೈಕೊಟ್ಟಾಗ ಬೆಲ್ಲವನ್ನೇ ದೂರುವವರು ಅಚ್ಚನ್ನೊಮ್ಮೆ ಪರೀಕ್ಷಿಸುವುದು ಒಳಿತು.

ಆಕಾರವೊಂದು ಮಾರುಕಟ್ಟೆಯಲ್ಲಿ ಏನು ಸಾಧಿಸಬಲ್ಲದು ಎಂಬುದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ರೂಪುಗೊಂಡ ಸರ್ಕಾರಿ ಸಾಬೂನು ಉದ್ಯಮವು 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನನ್ನು ಹೊರತಂದಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಗರಳಪುರಿ ಶಾಸ್ತ್ರಿಗಳು ಅದರ ಪರಿಮಳಕ್ಕೆ ಕೊಟ್ಟಷ್ಟೇ ಗಮನವನ್ನು ರೂಪಕ್ಕೂ ಕೊಟ್ಟರು: ಚೌಕ ಸಾಬೂನುಗಳ ನಡುವೆ ಅಂಡಾಕಾರದ ಬಿಲ್ಲೆ, ಒಡವೆಯ ಡಬ್ಬಿಯನ್ನು ಹೋಲುವ ಪೆಟ್ಟಿಗೆ. 75 ಗ್ರಾಂ ಆಗಲಿ 125 ಗ್ರಾಂ ಆಗಲಿ, ಕಣ್ಣುಮುಚ್ಚಿ ಕೈಗೆತ್ತಿಕೊಂಡರೂ ಆ ಸಾಬೂನನ್ನು ಗುರುತಿಸಬಹುದು. ಕಾರ್ಖಾನೆಯಲ್ಲಿ ಸಾಬೂನನ್ನು ಅಚ್ಚಿಗೆ ಸುರಿಯದೆ ಯಂತ್ರದಿಂದ ಒತ್ತುತ್ತಾರೆ, ನಿಜ. ಆದರೆ ಆಕಾರ ಒಂದೇ ಇರಬೇಕೆಂಬ ನಿಷ್ಠೆಗೆ ಯಂತ್ರದ ಅಗತ್ಯವಿಲ್ಲ.

ಇದರ ಅರ್ಥ ಆ ಅಂಡಾಕಾರವನ್ನು ನಕಲು ಮಾಡಬೇಕೆಂದಲ್ಲ. ಹೆಸರಾಂತ ಸಾಬೂನುಗಳ ರೂಪವನ್ನಾಗಲಿ, ಮಕ್ಕಳ ಚಲನಚಿತ್ರಗಳ ಗೊಂಬೆಗಳನ್ನಾಗಲಿ ಹೋಲುವ ಅಚ್ಚುಗಳು ಪೇಟೆಯಲ್ಲಿ ಧಾರಾಳವಾಗಿ ದೊರೆತರೂ ಅವುಗಳಿಂದ ಮಾಡಿದ ಸರಕನ್ನು ಮಾರುವುದು ಅಪಾಯಕಾರಿ. 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯು ಸರಕಿನ ಆಕಾರವನ್ನೂ ಚಿಹ್ನೆಯಾಗಿ ಪರಿಗಣಿಸುತ್ತದೆ. ತನ್ನದೇ ಹೊಸ ಆಕಾರವನ್ನು ರೂಪಿಸಿಕೊಂಡ ಗುಂಪಿಗೆ 2000ದ ವಿನ್ಯಾಸಗಳ ಕಾಯ್ದೆಯಲ್ಲಿ ಹತ್ತು ವರ್ಷ, ನವೀಕರಿಸಿದರೆ ಮತ್ತೆ ಐದು ವರ್ಷ ರಕ್ಷಣೆಯಿದೆ. ಅರ್ಜಿ ಸಲ್ಲಿಸುವ ಮೊದಲು ಅದನ್ನು ಜಾತ್ರೆ, ವಸ್ತುಪ್ರದರ್ಶನಗಳಲ್ಲಿ ಮಾರಿದರೆ ಹೊಸತನದ ಹಕ್ಕು ಕೈತಪ್ಪೀತೆಂಬುದನ್ನು ತಿಳಿದಿರಬೇಕು. ಅಷ್ಟು ದೂರ ಹೋಗಲಾರದವರಿಗೆ ಸರಳವಾದ ಚೌಕ ಬಿಲ್ಲೆಯೂ ಅದರ ಮೇಲೊಂದು ಮುದ್ರೆಯೂ ಸಾಕು. ಮದ್ದೂರಿನಿಂದ ಬೆಂಗಳೂರಿನ ದಾರಿಯಲ್ಲಿಯೇ ಚನ್ನಪಟ್ಟಣವಿದೆ. ಮರವನ್ನು ನುಣುಪಾಗಿ ಕಡೆಯಬಲ್ಲ ಕುಶಲಕರ್ಮಿಗಳು ಅಲ್ಲಿದ್ದಾರೆ. ಒಂದು ಮುದ್ರೆ ನೂರು ಅಚ್ಚುಗಳ ಕೆಲಸ ಮಾಡುತ್ತದೆ.

ವಾಣಿಜ್ಯ ಸಂಸ್ಥೆಗಳು ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರ ಈ ವಿಷಯದಲ್ಲಿ ಮಾಡಬಹುದಾದದ್ದು ಅಲ್ಪ ವೆಚ್ಚದ ಕೆಲಸ. ಮೂರೂ ತಾಲ್ಲೂಕುಗಳಿಗೆ ಎಟಕುವಂತೆ ಮದ್ದೂರಿನಲ್ಲಿ ಅಚ್ಚುಗಳ ಸಾಮಾನ್ಯ ಭಂಡಾರವೊಂದನ್ನು ತೆರೆದು, ಗುಂಪುಗಳು ಬಾಡಿಗೆಗೆ ಒಯ್ದು ತಮ್ಮ ಎಣ್ಣೆಯ ಸೂತ್ರಕ್ಕೆ ಯಾವುದು ಒಗ್ಗುವುದೆಂದು ಪರೀಕ್ಷಿಸಿದ ನಂತರ ಕೊಳ್ಳುವ ವ್ಯವಸ್ಥೆಯಾದರೆ ಅನೇಕ ಸಾಲಗಳು ಕಪಾಟಿನಲ್ಲಿ ಕೊಳೆಯುವುದು ತಪ್ಪುತ್ತದೆ. ಒಂದೇ ಅಳತೆಯ ಪೆಟ್ಟಿಗೆಯನ್ನು ಹತ್ತು ಗುಂಪುಗಳು ಒಟ್ಟಾಗಿ ಮುದ್ರಿಸಿಕೊಂಡರೆ ಮುದ್ರಣದ ವೆಚ್ಚವೂ ಹಂಚಿಹೋಗುತ್ತದೆ. ಇದಕ್ಕೆ ಬರುವ ಆಕ್ಷೇಪಣೆಯೂ ಗೊತ್ತಿರುವಂಥದೇ: ಎಲ್ಲರದೂ ಒಂದೇ ಆಕಾರವಾದರೆ ತಮ್ಮ ಸಾಬೂನು ಬೇರೆಯೆಂದು ಗ್ರಾಹಕರಿಗೆ ತಿಳಿಯುವುದು ಹೇಗೆ? ಈ ಆಕ್ಷೇಪಣೆಯಲ್ಲಿ ಹುರುಳಿದೆ. ಮುದ್ರೆ, ಬಣ್ಣ, ಪರಿಮಳಗಳಿಂದ ಅದನ್ನು ಬಹುಮಟ್ಟಿಗೆ ನಿವಾರಿಸಬಹುದಾದರೂ ಪೂರ್ತಿಯಾಗಿ ಅಲ್ಲ. ಪೇಟೆಯಲ್ಲಿ ಆಗಲೇ ಹೆಸರು ಮಾಡಿದ ಗುಂಪು ಭಂಡಾರದಿಂದ ಹೊರಬಂದು ತನ್ನದೇ ಅಚ್ಚಿಗೆ ಹೋಗುವುದು ಸರಿಯೇ.

ಅಲ್ಲಿಯತನಕ ಪ್ರತಿ ಅಚ್ಚಿಗೂ ಒಂದು ಸಂಖ್ಯೆ ಕೊಟ್ಟು, ಅದು ಹಿಡಿಯುವ ಹಸಿ ತೂಕ ಮತ್ತು ಆರು ವಾರಗಳ ನಂತರದ ತೂಕ ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ಪ್ರತಿಯೊಂದು ಗುಂಪೂ ಈ ತಿಂಗಳಿನಿಂದಲೇ ಆರಂಭಿಸಬಹುದು. ಬೇಸಿಗೆಯ ಸಾಬೂನಿಗೂ ಆಷಾಢದ ಸಾಬೂನಿಗೂ ತೂಕದಲ್ಲಿ ಎಷ್ಟು ಅಂತರವೆಂಬುದು ಒಂದು ವರ್ಷದೊಳಗೆ ಆ ಪುಸ್ತಕದಲ್ಲಿಯೇ ಕಾಣಸಿಗುತ್ತದೆ. ಮುಂದಿನ ಅಚ್ಚನ್ನು ಯಾವ ಅಳತೆಗೆ ಮಾಡಿಸಬೇಕೆಂದು ಬಡಗಿಗೆ ಹೇಳಲು ಬೇರೆ ಆಧಾರ ಬೇಕಾಗದು.