ಅಕ್ಷರದ ಸೈಜ್ ಓದುವವರ ಕೈಯಲ್ಲಿರಲಿ

ಇ-ಬುಕ್‌ನಲ್ಲಿ ಫಾಂಟ್, ಸೈಜ್, ಸಾಲುಗಳ ನಡುವಿನ ಜಾಗ ಇದನ್ನೆಲ್ಲ ಯಾರು ತೀರ್ಮಾನ ಮಾಡಬೇಕು? ಪ್ರಕಾಶಕರಾ, ಓದುವವರಾ? ನನ್ನ ಪ್ರಕಾರ ಓದುವವರೇ. ಕನ್ನಡದಲ್ಲಂತೂ ಇದು ಬರೀ ಅಂದಚಂದದ ಪ್ರಶ್ನೆ ಅಲ್ಲ.

ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತೆ. 'ರಾಷ್ಟ್ರ' ಅಂತ ಬರೆದರೆ ಒಂದು ಷ-ಗೆ ಎರಡು ಒತ್ತು. ಇಂಗ್ಲಿಷ್‌ಗೆ ಸರಿಹೋಗುವ ಲೈನ್ ಸ್ಪೇಸಿಂಗ್ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ. ಜಸ್ಟಿಫೈ ಮಾಡಿದರೆ ಇನ್ನೊಂದು ಗೋಳು. 'ಓದಿಕೊಳ್ಳುತ್ತಿದ್ದವರಿಗೆ' ಥರದ ಪದ ಬಂದರೆ ಪುಟ್ಟ ಸ್ಕ್ರೀನ್‌ನ ಸಾಲಿಗೆ ಎರಡೇ ಪದ, ನಡುವೆ ಬಸ್ ಹೋಗುವಷ್ಟು ಜಾಗ.

ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಿಂದ ಬಂದವರು ಇಲ್ಲಿ ಬೇಕಾದಷ್ಟಿದ್ದೀವಿ. ಕನ್ನಡ ಸಲೀಸಾಗಿ ಮಾತಾಡ್ತೀವಿ, ಆದರೆ ಓದುವಾಗ ಒತ್ತಕ್ಷರ ಬಂದರೆ ಕಣ್ಣು ಒಂದು ಕ್ಷಣ ನಿಲ್ಲುತ್ತೆ. ಅಕ್ಷರ ದೊಡ್ಡದು ಮಾಡಿ ಸಾಲು ಬಿಡಿಸಿಟ್ಟರೆ ಓದೋಕಾಗುತ್ತೆ. ಆ ಆಯ್ಕೆ ಇಲ್ಲದಿದ್ದರೆ ಹತ್ತು ಪುಟಕ್ಕೇ ಮುಚ್ಚಿ 'ಕನ್ನಡ ಕಷ್ಟ ಕಣೋ' ಅಂತೀವಿ. ಸೆಟ್ಟಿಂಗ್ ಮಾಡಿದ ತಪ್ಪಿಗೆ ಭಾಷೆಗೆ ಕೆಟ್ಟ ಹೆಸರು.

ಇಪಬ್ ಅಂದರೆ ಒಂದು ಜಿಪ್ ಫೈಲ್. ಒಳಗಿರೋದು ವೆಬ್‌ಪೇಜಿನ ಹಾಗೆ ಎಚ್‌ಟಿಎಂಎಲ್, ಸಿಎಸ್‌ಎಸ್. ಪಠ್ಯ ಬೇರೆ, ಅಲಂಕಾರ ಬೇರೆ. ಹಾಗಾಗಿಯೇ ಕಿಂಡಲ್, ಕೋಬೋಗಳಲ್ಲಿ ನಾವೇ ಸೈಜ್ ಬದಲಾಯಿಸಬಹುದು, ನಮ್ಮದೇ ಫಾಂಟ್ ಹಾಕಿಕೊಳ್ಳಬಹುದು. ಆದರೆ ಪ್ರಕಾಶಕರು ಸೈಜನ್ನು ಪಿಕ್ಸೆಲ್ ಲೆಕ್ಕದಲ್ಲಿ ಬರೆದಿಟ್ಟರೆ ಕೆಲವು ಆಪ್‌ಗಳಲ್ಲಿ ನಮ್ಮ ಬಟನ್ ಒತ್ತಿದರೂ ಏನೂ ಆಗಲ್ಲ. ಪಿಡಿಎಫ್ ಅಂತೂ ಎರಕ ಹೊಯ್ದ ಪುಟ. 1993ರಲ್ಲಿ ಅಡೋಬಿ ಅದನ್ನು ತಂದಿದ್ದೇ ಎಲ್ಲ ಕಂಪ್ಯೂಟರಲ್ಲೂ ಪುಟ ಒಂದೇ ಥರ ಕಾಣಲಿ ಅಂತ. ಪ್ರಿಂಟ್‌ಗೆ ಅದು ಸರಿ. ಫೋನಲ್ಲಿ ಓದಬೇಕಂದ್ರೆ ಜೂಮ್ ಮಾಡಿ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೀತಾ ಇರಬೇಕು.

'ಡಿಸೈನರ್ ಕಷ್ಟಪಟ್ಟು ಮಾಡಿದ ಪುಟ ಕೆಡುತ್ತಲ್ಲ?' ಅಂತ ಕೇಳಬಹುದು. ಕಾಮಿಕ್ಸ್, ಸಮೀಕರಣ ತುಂಬಿದ ಟೆಕ್ಸ್ಟ್‌ಬುಕ್, ಕವಿತೆಯ ಸಾಲುಗಳು: ಇಲ್ಲಿ ಒಪ್ತೀನಿ. ಕಾದಂಬರಿಗೆ, ಪ್ರಬಂಧಕ್ಕೆ ಆ ಹಠ ಯಾಕೆ? ಪ್ರಕಾಶಕರು ಒಳ್ಳೆ ಡಿಫಾಲ್ಟ್ ಕೊಡಲಿ, ಬೀಗ ಹಾಕೋದು ಬೇಡ. ಕಣ್ಣು ಮಂಜಾದ ಅಜ್ಜನಿಗೂ ನನಗೂ ಒಂದೇ ಸೈಜ್ ಹೇಗೆ ಸರಿಹೋಗುತ್ತೆ?

ನಮ್ಮ ಕನ್ನಡ ಸಂಘದಿಂದಲೇ ಶುರು ಮಾಡೋಣ. ಏನೇ ಪಿಡಿಎಫ್ ಹಾಕಿದರೂ ಜೊತೆಗೊಂದು ಇಪಬ್ ಇರಲಿ. ಪಠ್ಯ ಯೂನಿಕೋಡ್‌ನಲ್ಲಿ, ಸೈಜ್ ಪಿಕ್ಸೆಲ್ ಬದಲು 'ಇಎಂ'ನಲ್ಲಿ. ಸಿಎಸ್‌ಎಸ್ ಗೊತ್ತಿರೋರಿಗೆ ಈ ಕ್ಯಾಂಪಸ್‌ನಲ್ಲೇನು ಬರವಾ?